ಸಂಶೋಧನೆಯ ಲೋಕದಲ್ಲಿ ನಮ್ಮ ಮಕ್ಕಳ ಪಾಲೆಷ್ಟು?

(ಹೆತ್ತವರು ಮತ್ತು ಕಾಲೇಜು ವಿದ್ಯಾರ್ಥಿಗಳ ಸಭೆಯಲ್ಲಿ ಮಾಡಿದ ಭಾಷಣದ ಬರಹ ರೂಪ)



ಸಂಶೋಧನೆ ಮತ್ತು ವಿದ್ವತ್ ಪ್ರಕಟಣೆಯ ಕ್ಷೇತ್ರದಲ್ಲಿ ವೈವಿಧ್ಯ, ನ್ಯಾಯ ಹಾಗೂ ಎಲ್ಲರ ಸಹಭಾಗಿತ್ವ ಎಂಬ ವಿಷಯದಲ್ಲಿ ಮಾತನಾಡಲು ನನಗೆ ಸೂಚಿಸಲಾಗಿದೆ. ಶೀರ್ಷಿಕೆಯನ್ನು ಕೇಳಿದೊಡನೆ, ಇದು ವಿಶ್ವವಿದ್ಯಾನಿಲಯದ ಪ್ರೊಫೆಸರ್‌ಗಳು ಚರ್ಚಿಸಬೇಕಾದ ವಿಚಾರ, ಅಂಗಡಿ, ನೌಕರಿ, ಮಕ್ಕಳ ಮದುವೆಯ ಚಿಂತೆಯಲ್ಲಿರುವ ನಮಗೂ ಇದಕ್ಕೂ ಏನು ಸಂಬಂಧ ಎಂದು ನಿಮ್ಮಲ್ಲಿ ಕೆಲವರಿಗೆ ಅನಿಸಿರಬಹುದು. ಆದ್ದರಿಂದ ವಿಶ್ವವಿದ್ಯಾನಿಲಯವನ್ನು ಸ್ವಲ್ಪ ಹೊತ್ತು ಬದಿಗಿಟ್ಟು, ಕೊರೋನಾ ಕಾಲದಲ್ಲಿ ನಮ್ಮ ಮನೆಮನೆಗೆ ಬಂದ ಒಂದು ಚಿಕ್ಕ ಯಂತ್ರದಿಂದ ಆರಂಭಿಸುತ್ತೇನೆ.

ಬೆರಳಿಗೆ ಸಿಕ್ಕಿಸಿ ರಕ್ತದಲ್ಲಿರುವ ಆಮ್ಲಜನಕದ ಪ್ರಮಾಣವನ್ನು ತಿಳಿಯುವ ಪಲ್ಸ್ ಆಕ್ಸಿಮೀಟರನ್ನು ನೀವೆಲ್ಲರೂ ನೋಡಿದ್ದೀರಿ. ಅದು ತೋರಿಸುವ ಅಂಕೆಯನ್ನು ನೋಡಿಯೇ ರೋಗಿಯನ್ನು ಆಸ್ಪತ್ರೆಗೆ ಸೇರಿಸಬೇಕೇ ಬೇಡವೇ ಎಂದು ತೀರ್ಮಾನಿಸಲಾಗುತ್ತಿತ್ತು. ಆ ಯಂತ್ರವು ಬೆರಳಿನ ಮೂಲಕ ಬೆಳಕನ್ನು ಹಾಯಿಸಿ ಲೆಕ್ಕ ಹಾಕುತ್ತದೆ. ಚರ್ಮದ ಬಣ್ಣ ಕಪ್ಪಾಗಿದ್ದರೆ ಆ ಲೆಕ್ಕ ತಪ್ಪುವ ಸಾಧ್ಯತೆ ಹೆಚ್ಚು. ಅಮೆರಿಕದ ಮಿಚಿಗನ್ ವಿಶ್ವವಿದ್ಯಾನಿಲಯದ ವೈದ್ಯರು 2020ರ ಡಿಸೆಂಬರ್‌ನಲ್ಲಿ ಒಂದು ಅಧ್ಯಯನವನ್ನು ಪ್ರಕಟಿಸಿದರು. ಯಂತ್ರವು 92ರಿಂದ 96ರಷ್ಟು ಎಂದು ತೋರಿಸುತ್ತಿದ್ದಾಗ, ವಾಸ್ತವದಲ್ಲಿ ಆಮ್ಲಜನಕವು 88ಕ್ಕಿಂತಲೂ ಕೆಳಗಿಳಿದಿದ್ದ ಪ್ರಕರಣಗಳು ಬಿಳಿಯರಲ್ಲಿ ಶೇ. 3.6 ಇದ್ದರೆ ಕರಿಯರಲ್ಲಿ ಶೇ. 11.7 ಇದ್ದುವು. ಅರ್ಥಾತ್, ಉಸಿರಿಗಾಗಿ ಒದ್ದಾಡುತ್ತಿರುವ ವ್ಯಕ್ತಿಯ ಬಗ್ಗೆ ‘ಪರವಾಗಿಲ್ಲ’ ಎಂದು ಯಂತ್ರ ಹೇಳುತ್ತಿತ್ತು. ಈ ದೋಷದ ಸುಳಿವು 1990ರಲ್ಲೇ ಒಂದು ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟವಾಗಿತ್ತು. ಆದರೆ ಮೂವತ್ತು ವರ್ಷಗಳ ಕಾಲ ಅದು ಯಾರ ನಿದ್ದೆಯನ್ನೂ ಕೆಡಿಸಲಿಲ್ಲ.

ಯಂತ್ರವನ್ನು ತಯಾರಿಸಿದವರು ಕರಿಯರ ಮೇಲೆ ದ್ವೇಷವಿಟ್ಟುಕೊಂಡು ಹಾಗೆ ಮಾಡಿದರೆಂದು ಹೇಳಲಾಗದು. ಅದನ್ನು ಪರೀಕ್ಷಿಸಿದ ಬೆರಳುಗಳಲ್ಲಿ ಹೆಚ್ಚಿನವು ಬಿಳಿಯರ ಬೆರಳುಗಳಾಗಿದ್ದುವು. ತಪ್ಪನ್ನು ಗಮನಿಸಿ ಪಟ್ಟು ಹಿಡಿದು ಕೇಳಬೇಕಾದವರು ಪ್ರಯೋಗಾಲಯದಲ್ಲೂ ಪತ್ರಿಕೆಯ ಸಂಪಾದಕ ಮಂಡಳಿಯಲ್ಲೂ ಕಡಿಮೆ ಸಂಖ್ಯೆಯಲ್ಲಿದ್ದರು. ಇಂದು ನಾನು ಹೇಳಬೇಕಾದ ಮಾತಿನ ತಿರುಳು ಇಷ್ಟೇ: ಜ್ಞಾನವನ್ನು ಉತ್ಪಾದಿಸುವ ಸ್ಥಳದಲ್ಲಿ ಯಾರು ಇರುವುದಿಲ್ಲವೋ ಅವರ ಬಗೆಗಿನ ಜ್ಞಾನ ತಪ್ಪಾಗಿರುತ್ತದೆ ಮತ್ತು ಆ ತಪ್ಪಿನ ಬೆಲೆಯನ್ನು ಅವರೇ ತೆರಬೇಕಾಗುತ್ತದೆ.

ಗೈರುಹಾಜರಿಯ ಬೆಲೆ

ಇನ್ನೊಂದು ಉದಾಹರಣೆಯನ್ನು ಗಮನಿಸಿರಿ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯು 1977ರಲ್ಲಿ ಒಂದು ಮಾರ್ಗಸೂಚಿಯನ್ನು ಹೊರಡಿಸಿ, ಗರ್ಭ ಧರಿಸುವ ವಯಸ್ಸಿನ ಮಹಿಳೆಯರನ್ನು ಔಷಧ ಪರೀಕ್ಷೆಯ ಆರಂಭಿಕ ಹಂತಗಳಿಂದ ಹೊರಗಿಟ್ಟಿತು. ಹುಟ್ಟಲಿರುವ ಮಗುವಿಗೆ ಹಾನಿಯಾಗಬಾರದೆಂಬ ಕಾಳಜಿ ಅದರ ಹಿಂದಿತ್ತು. ಆದರೆ ಪರಿಣಾಮವೇನಾಯಿತು? ಹಲವು ಔಷಧಗಳ ಪ್ರಮಾಣವು ಪುರುಷನ ದೇಹವನ್ನು ಆಧರಿಸಿ ನಿರ್ಧಾರವಾಯಿತು. 1993ರಲ್ಲಿ ಆ ನೀತಿಯನ್ನು ಕೈಬಿಡಲಾಯಿತು. ಆದರೂ ಜೋಲ್‌ಪಿಡೆಮ್ ಎಂಬ ನಿದ್ದೆಯ ಮಾತ್ರೆಯ ಪ್ರಮಾಣವನ್ನು ಮಹಿಳೆಯರಿಗೆ 10 ಮಿಲಿಗ್ರಾಂನಿಂದ 5 ಮಿಲಿಗ್ರಾಂಗೆ ಇಳಿಸಬೇಕೆಂದು ಅದೇ ಸಂಸ್ಥೆಯು ಸೂಚಿಸಿದ್ದು 2013ರಲ್ಲಿ. ಮಹಿಳೆಯರ ದೇಹವು ಆ ಔಷಧವನ್ನು ನಿಧಾನವಾಗಿ ಹೊರಹಾಕುತ್ತದೆ, ಮರುದಿನ ಬೆಳಿಗ್ಗೆ ವಾಹನ ಚಲಾಯಿಸುವಾಗಲೂ ಮಂಪರು ಉಳಿದಿರುತ್ತದೆ ಎಂಬುದು ಕಾರಣವಾಗಿತ್ತು. ಅಷ್ಟರಲ್ಲಿ ಆ ಮಾತ್ರೆ ಮಾರುಕಟ್ಟೆಗೆ ಬಂದು ಎರಡು ದಶಕಗಳೇ ಸಂದಿದ್ದುವು.

ವಂಶವಾಹಿಗಳ ಅಧ್ಯಯನದ ಕಥೆಯೂ ಇದೇ. ರೋಗಗಳಿಗೂ ವಂಶವಾಹಿಗಳಿಗೂ ಇರುವ ನಂಟನ್ನು ಹುಡುಕುವ ಬೃಹತ್ ಅಧ್ಯಯನಗಳಲ್ಲಿ 2009ರಲ್ಲಿ ಪಾಲ್ಗೊಂಡವರ ಪೈಕಿ ಶೇ. 96 ಮಂದಿ ಯುರೋಪಿಯನ್ ಮೂಲದವರಾಗಿದ್ದರು. 2016ರ ಹೊತ್ತಿಗೆ ಇದು ಸುಮಾರು ಶೇ. 81ಕ್ಕೆ ಇಳಿಯಿತು. ಮಧುಮೇಹ, ಹೃದ್ರೋಗಗಳು ನಮ್ಮ ಊರುಗಳಲ್ಲಿ ಮನೆಗೊಂದರಂತೆ ಇವೆ. ಆದರೆ ಆ ರೋಗಗಳ ಕುರಿತಾದ ವಂಶವಾಹಿ ಜ್ಞಾನವು ಬಹುಪಾಲು ಬೇರೆ ಜನರ ರಕ್ತದಿಂದ ಪಡೆದುದಾಗಿದೆ. ಈ ಕೊರತೆಯನ್ನು ತುಂಬಲು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಮೆದುಳು ಸಂಶೋಧನಾ ಕೇಂದ್ರದ ಸಮನ್ವಯದಲ್ಲಿ ದೇಶದ ಇಪ್ಪತ್ತು ಸಂಸ್ಥೆಗಳು ಸೇರಿ, ವಿವಿಧ ಸಮುದಾಯಗಳ ಹತ್ತು ಸಾವಿರ ಭಾರತೀಯರ ವಂಶವಾಹಿ ಮಾಹಿತಿಯನ್ನು ಸಂಗ್ರಹಿಸಿದುವು. 2025ರ ಜನವರಿಯಲ್ಲಿ ಅದನ್ನು ಸಂಶೋಧಕರಿಗೆ ಮುಕ್ತಗೊಳಿಸಲಾಯಿತು. ಇದು ಒಳ್ಳೆಯ ಆರಂಭ.

ಬಾಗಿಲಲ್ಲಿ ತಡೆದವರು

ಸಂಶೋಧನೆಯ ಲೋಕಕ್ಕೆ ಹಲವು ಬಾಗಿಲುಗಳಿವೆ. ಮೊದಲನೆಯದು ಪ್ರವೇಶದ ಬಾಗಿಲು. 1933ರಲ್ಲಿ ಮುಂಬೈಯ ಕಮಲಾ ಭಾಗವತ್ ಎಂಬ ಯುವತಿ ಬಿ.ಎಸ್ಸಿ.ಯಲ್ಲಿ ಉನ್ನತ ಅಂಕಗಳನ್ನು ಪಡೆದು ಬೆಂಗಳೂರಿನ ಇದೇ ವಿಜ್ಞಾನ ಸಂಸ್ಥೆಗೆ ಅರ್ಜಿ ಹಾಕಿದರು. ಆಗ ಅದರ ನಿರ್ದೇಶಕರಾಗಿದ್ದವರು ನೊಬೆಲ್ ಪುರಸ್ಕೃತ ಸಿ.ವಿ. ರಾಮನ್. ಹೆಣ್ಣೆಂಬ ಕಾರಣಕ್ಕೆ ಅವರು ಪ್ರವೇಶವನ್ನು ನಿರಾಕರಿಸಿದರು. ಕಮಲಾ ಪಟ್ಟು ಬಿಡಲಿಲ್ಲ. ಕೊನೆಗೆ ಒಂದು ವರ್ಷದ ಪರೀಕ್ಷಾರ್ಥ ಅವಧಿಯ ಶರತ್ತಿನಲ್ಲಿ ಅವರನ್ನು ಸೇರಿಸಿಕೊಳ್ಳಲಾಯಿತು. ಅವರ ಕೆಲಸವನ್ನು ಕಂಡು ರಾಮನ್ ತನ್ನ ನಿಲುವನ್ನು ಸಡಿಲಿಸಿದರು; ಅನಂತರ ಇತರ ಹೆಣ್ಣು ಮಕ್ಕಳಿಗೂ ದಾರಿ ತೆರೆಯಿತು. ಅದೇ ಕಮಲಾ, ಕಮಲಾ ಸೊಹೋನಿ ಎಂದು ಪ್ರಸಿದ್ಧರಾದವರು, 1939ರಲ್ಲಿ ಕೇಂಬ್ರಿಜ್ ವಿಶ್ವವಿದ್ಯಾನಿಲಯದಿಂದ ಪಿಎಚ್.ಡಿ. ಪಡೆದರು. ವಿಜ್ಞಾನದಲ್ಲಿ ಪಿಎಚ್.ಡಿ. ಪಡೆದ ಮೊದಲ ಭಾರತೀಯ ಮಹಿಳೆಯರಲ್ಲಿ ಅವರು ಒಬ್ಬರು.

ಎರಡನೆಯದು ಪದವಿಯ ಬಾಗಿಲು. ತಿರುವಾಂಕೂರಿನ ಅನ್ನಾ ಮಣಿ ಅವರು ರಾಮನ್‌ರ ಪ್ರಯೋಗಾಲಯದಲ್ಲಿ ವಜ್ರ ಮತ್ತು ಮಾಣಿಕ್ಯದ ಮೇಲೆ ಸಂಶೋಧನೆ ನಡೆಸಿ 1942ರಿಂದ 1945ರ ನಡುವೆ ಐದು ಸಂಶೋಧನಾ ಲೇಖನಗಳನ್ನು ಪ್ರಕಟಿಸಿದರು. ಮಹಾಪ್ರಬಂಧವನ್ನೂ ಸಲ್ಲಿಸಿದರು. ಆದರೆ ಎಂ.ಎಸ್ಸಿ. ಪದವಿ ಇಲ್ಲವೆಂಬ ಕಾರಣ ಹೇಳಿ ಮದರಾಸು ವಿಶ್ವವಿದ್ಯಾನಿಲಯವು ಅವರಿಗೆ ಪಿಎಚ್.ಡಿ. ನೀಡಲಿಲ್ಲ. ಮುಂದೆ ಅವರು ಭಾರತೀಯ ಹವಾಮಾನ ಇಲಾಖೆಯ ಉಪ ಮಹಾನಿರ್ದೇಶಕ ಹುದ್ದೆಯವರೆಗೆ ಏರಿದರು. ದೇಶದಲ್ಲಿ ಹವಾಮಾನ ಉಪಕರಣಗಳ ತಯಾರಿಕೆಗೆ ಬುನಾದಿ ಹಾಕಿದರು. ಆದರೆ ಆ ಪಿಎಚ್.ಡಿ. ಪದವಿ ಅವರಿಗೆ ಎಂದೂ ದೊರೆಯಲಿಲ್ಲ.

ಮೂರನೆಯದು ಮನ್ನಣೆಯ ಬಾಗಿಲು. 1967ರಲ್ಲಿ ಕೇಂಬ್ರಿಜ್‌ನ ಸಂಶೋಧನಾ ವಿದ್ಯಾರ್ಥಿನಿ ಜೋಸ್ಲಿನ್ ಬೆಲ್ ಆಕಾಶದಿಂದ ಬರುತ್ತಿದ್ದ ವಿಚಿತ್ರ ರೇಡಿಯೋ ಸಂಕೇತವನ್ನು ಗುರುತಿಸಿದರು. ಪಲ್ಸಾರ್ ಎಂಬ ನಕ್ಷತ್ರಗಳ ಪತ್ತೆಯಾದುದು ಹಾಗೆ. 1974ರಲ್ಲಿ ಅದಕ್ಕಾಗಿ ನೊಬೆಲ್ ಪ್ರಶಸ್ತಿ ಬಂದಾಗ ಅದು ಅವರ ಮಾರ್ಗದರ್ಶಕರ ಪಾಲಾಯಿತು. 2018ರಲ್ಲಿ ಅವರಿಗೆ 30 ಲಕ್ಷ ಡಾಲರ್ ಮೊತ್ತದ ಇನ್ನೊಂದು ದೊಡ್ಡ ಪ್ರಶಸ್ತಿ ದೊರೆಯಿತು. ಅವರು ಆ ಇಡೀ ಮೊತ್ತವನ್ನು, ಭೌತಶಾಸ್ತ್ರದಲ್ಲಿ ಸಂಶೋಧನೆ ಮಾಡಲು ಬಯಸುವ ಮಹಿಳೆಯರು, ಅಲ್ಪಸಂಖ್ಯಾತ ಜನಾಂಗಗಳವರು ಹಾಗೂ ನಿರಾಶ್ರಿತರ ವಿದ್ಯಾರ್ಥಿ ವೇತನಕ್ಕೆ ಬಿಟ್ಟುಕೊಟ್ಟರು. ತನಗಾದ ಅನ್ಯಾಯವನ್ನು ಇನ್ನೊಬ್ಬರಿಗೆ ದಾರಿಯಾಗಿ ಪರಿವರ್ತಿಸುವುದೆಂದರೆ ಇದು.

ಹೆಸರು ಮತ್ತು ಹಣ

ಸಂಶೋಧನೆ ಮುಗಿದ ಮೇಲೆ ಅದು ವಿದ್ವತ್ ಪತ್ರಿಕೆಯಲ್ಲಿ, ಅಂದರೆ ಜರ್ನಲ್‌ನಲ್ಲಿ ಪ್ರಕಟವಾಗಬೇಕು. ಸಂಪಾದಕರು ಲೇಖನವನ್ನು ಆ ವಿಷಯದ ಕೆಲವು ತಜ್ಞರಿಗೆ ಕಳುಹಿಸುತ್ತಾರೆ. ಅವರು ಪರಿಶೀಲಿಸಿ ಪ್ರಕಟಣೆಗೆ ಯೋಗ್ಯವೋ ಅಲ್ಲವೋ ಎಂದು ಹೇಳುತ್ತಾರೆ. ಇಲ್ಲಿ ಬರಹದ ಗುಣ ಮಾತ್ರ ಲೆಕ್ಕಕ್ಕೆ ಬರುತ್ತದೆ ಎಂಬುದು ನಂಬಿಕೆ. ಈ ನಂಬಿಕೆಯನ್ನು ಪರೀಕ್ಷಿಸಿದ ಒಂದು ಪ್ರಯೋಗದ ಫಲಿತಾಂಶ 2022ರಲ್ಲಿ ಪ್ರಕಟವಾಯಿತು. ಅರ್ಥಶಾಸ್ತ್ರದ ನೊಬೆಲ್ ಪುರಸ್ಕೃತ ವೆರ್ನನ್ ಸ್ಮಿತ್ ಮತ್ತು ಅಷ್ಟೇನೂ ಪರಿಚಿತರಲ್ಲದ ಒಬ್ಬ ಕಿರಿಯ ಸಂಶೋಧಕರು ಸೇರಿ ಬರೆದ ಒಂದೇ ಲೇಖನವನ್ನು ನೂರಾರು ತಜ್ಞರಿಗೆ ಕಳುಹಿಸಲಾಯಿತು. ಕೆಲವರಿಗೆ ಸ್ಮಿತ್‌ರ ಹೆಸರು ಮಾತ್ರ, ಕೆಲವರಿಗೆ ಕಿರಿಯರ ಹೆಸರು ಮಾತ್ರ, ಇನ್ನು ಕೆಲವರಿಗೆ ಯಾರ ಹೆಸರೂ ಇಲ್ಲದೆ. 534 ಮಂದಿ ಪರಿಶೀಲಿಸಿ ಅಭಿಪ್ರಾಯ ಕೊಟ್ಟರು. ನೊಬೆಲ್ ಪುರಸ್ಕೃತರ ಹೆಸರಿದ್ದಾಗ ತಿರಸ್ಕರಿಸಿರಿ ಎಂದವರು ಶೇ. 23. ಹೆಸರಿಲ್ಲದಾಗ ಶೇ. 48. ಕಿರಿಯರ ಹೆಸರಿದ್ದಾಗ ಶೇ. 65. ಅಕ್ಷರ ಅದೇ, ವಾದ ಅದೇ, ಬದಲಾದುದು ಹೆಸರು ಮಾತ್ರ. ಸಣ್ಣ ಊರಿನ ಕಾಲೇಜಿನಿಂದ, ಯಾರೂ ಕೇಳಿರದ ಹೆಸರಿನಿಂದ ಲೇಖನ ಕಳುಹಿಸುವ ವಿದ್ಯಾರ್ಥಿಯ ಪಾಡನ್ನು ನೀವೇ ಊಹಿಸಿರಿ. ಲೇಖಕರ ಹೆಸರನ್ನು ಮರೆಮಾಡಿ ಪರಿಶೀಲಿಸುವ ಪದ್ಧತಿ ಹಲವು ಪತ್ರಿಕೆಗಳಲ್ಲಿದೆ. ಅದು ಎಲ್ಲೆಡೆ ಬರಬೇಕೆಂಬ ಬೇಡಿಕೆ ನ್ಯಾಯಸಮ್ಮತವಾದುದು.

ಇನ್ನು ಹಣದ ವಿಚಾರ. ಸಂಶೋಧನೆಗೆ ಹಣ ಕೊಡುವುದು ಹೆಚ್ಚಾಗಿ ಸರಕಾರ, ಅಂದರೆ ಜನರ ತೆರಿಗೆ. ಬರೆಯುವ ಲೇಖಕರಿಗೆ ಸಂಭಾವನೆಯಿಲ್ಲ, ಪರಿಶೀಲಿಸುವವರಲ್ಲಿ ಬಹುತೇಕರು ಉಚಿತವಾಗಿ ದುಡಿಯುತ್ತಾರೆ. ಆದರೆ ಪ್ರಕಟಿಸುವ ಬೃಹತ್ ಕಂಪೆನಿಗಳು ಅದನ್ನು ದುಬಾರಿ ಚಂದಾಕ್ಕೆ ವಿಶ್ವವಿದ್ಯಾನಿಲಯಗಳಿಗೇ ಮಾರುತ್ತವೆ. ಓದುಗರಿಗೆ ಉಚಿತವಾಗಿ ಸಿಗಬೇಕೆಂದಾದರೆ ಲೇಖಕರೇ ಶುಲ್ಕ ತೆರಬೇಕು. ‘ನೇಚರ್’ ಪತ್ರಿಕೆಯು 2020ರ ಕೊನೆಯಲ್ಲಿ ಇಂತಹ ಶುಲ್ಕವನ್ನು ಒಂದು ಲೇಖನಕ್ಕೆ 9,500 ಯೂರೋ ಎಂದು ಘೋಷಿಸಿತು. ಆಗಿನ ಲೆಕ್ಕದಲ್ಲಿ ಎಂಟು ಲಕ್ಷ ರೂಪಾಯಿಗೂ ಮಿಕ್ಕಿದ ಮೊತ್ತ! ಜಿಲ್ಲಾ ಕೇಂದ್ರದ ಕಾಲೇಜೊಂದರ ಅಧ್ಯಾಪಕರು ಇದನ್ನು ಎಲ್ಲಿಂದ ತರಬೇಕು?

ಓದುವವರ ಕಷ್ಟವನ್ನು ನೀಗಿಸಲು ಕೇಂದ್ರ ಸರಕಾರವು 2024ರ ನವೆಂಬರ್‌ನಲ್ಲಿ ‘ಒಂದು ದೇಶ ಒಂದು ಚಂದಾ’ ಯೋಜನೆಗೆ ಒಪ್ಪಿಗೆ ನೀಡಿತು. ಮೂರು ವರ್ಷಗಳಿಗೆ 6,000 ಕೋಟಿ ರೂಪಾಯಿ. 30 ಪ್ರಕಾಶಕರ ಸುಮಾರು 13,000 ಪತ್ರಿಕೆಗಳು. ಸರಕಾರಿ ವ್ಯಾಪ್ತಿಯ 6,300ರಷ್ಟು ಸಂಸ್ಥೆಗಳು. ಸಣ್ಣ ಊರಿನ ಸರಕಾರಿ ಸಂಸ್ಥೆಯ ವಿದ್ಯಾರ್ಥಿಗೂ ಈಗ ದೊಡ್ಡ ಪತ್ರಿಕೆಗಳ ಬಾಗಿಲು ತೆರೆದುದು ಸ್ವಾಗತಾರ್ಹ. ಆದರೆ ಅಷ್ಟೊಂದು ಹಣ ಮತ್ತದೇ ವಿದೇಶಿ ಕಂಪೆನಿಗಳ ಖಜಾನೆಗೆ ಹೋಗಬೇಕೇ, ಖಾಸಗಿ ಕಾಲೇಜುಗಳಲ್ಲಿ ಕಲಿಯುವವರು ಹೊರಗುಳಿಯಬೇಕೇ ಎಂಬ ಪ್ರಶ್ನೆಗಳು ಉಳಿದೇ ಇವೆ.

‘ಪ್ರತಿಭೆ’ ಎಂಬ ವಾದ

ಎಲ್ಲರನ್ನೂ ಒಳಗೊಳ್ಳಬೇಕೆಂದಾಗ, ಹಾಗಾದರೆ ಪ್ರತಿಭೆಯ ಗತಿಯೇನು ಎಂದು ಕೇಳುವವರಿದ್ದಾರೆ. ಪ್ರಶ್ನೆ ಸಹಜವಾದುದು. ಆದರೆ ಮೇಲಿನ ಪ್ರಯೋಗವನ್ನು ನೆನಪಿಸಿಕೊಳ್ಳಿ. ಅಲ್ಲಿ ಗೆದ್ದುದು ಪ್ರತಿಭೆಯೇ ಅಥವಾ ಹೆಸರೇ? ಬಾಗಿಲಲ್ಲೇ ತಡೆಯಲ್ಪಟ್ಟವರ ಪ್ರತಿಭೆಯನ್ನು ಅಳೆದವರಾದರೂ ಯಾರು?

2020ರಲ್ಲಿ ಬ್ರಿಟನ್ನಿನ ರಸಾಯನಶಾಸ್ತ್ರ ಸಂಘದ ಮುಂದಾಳುತ್ವದಲ್ಲಿ ಹಲವು ಪ್ರಕಾಶನ ಸಂಸ್ಥೆಗಳು ಜಂಟಿ ಬದ್ಧತೆಯೊಂದನ್ನು ಪ್ರಕಟಿಸಿದುವು. ಕ್ರಮೇಣ ಐವತ್ತಕ್ಕೂ ಹೆಚ್ಚು ಸಂಸ್ಥೆಗಳು ಅದರಲ್ಲಿ ಸೇರಿದುವು. ತಮ್ಮ ಲೇಖಕರು, ಪರಿಶೀಲಕರು, ಸಂಪಾದಕರು ಯಾರೆಂದು ಲೆಕ್ಕ ಹಾಕಿ, ಕೊರತೆಯಿದ್ದಲ್ಲಿ ಸರಿಪಡಿಸುವುದು ಅದರ ಉದ್ದೇಶ. ಆದರೆ ಗಾಳಿ ಈಗ ತಿರುಗಿ ಬೀಸುತ್ತಿದೆ. ಅಮೆರಿಕದಲ್ಲಿ ಡೊನಾಲ್ಡ್ ಟ್ರಂಪ್ ಎರಡನೆಯ ಬಾರಿ ಅಧಿಕಾರ ವಹಿಸಿಕೊಂಡ 2025ರ ಜನವರಿ 20ರಂದೇ ಸರಕಾರದ ವೈವಿಧ್ಯ ಕಾರ್ಯಕ್ರಮಗಳನ್ನು ರದ್ದುಪಡಿಸುವ ಆದೇಶಕ್ಕೆ ಸಹಿ ಹಾಕಿದರು. ಅನಂತರ ಅಲ್ಲಿನ ರಾಷ್ಟ್ರೀಯ ಆರೋಗ್ಯ ಸಂಸ್ಥೆಯು ನೂರಾರು ಸಂಶೋಧನೆಗಳ ಅನುದಾನವನ್ನು ನಿಲ್ಲಿಸಿತು. ಜನಾಂಗೀಯ ಅಲ್ಪಸಂಖ್ಯಾತರ ಆರೋಗ್ಯದ ಕುರಿತಾದ ಅಧ್ಯಯನಗಳೂ ಅವುಗಳಲ್ಲಿದ್ದುವು. ಜೂನ್‌ನಲ್ಲಿ ಒಂದು ನ್ಯಾಯಾಲಯ ಇದು ಕಾನೂನುಬಾಹಿರ ಎಂದಿತು. ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟು 5-4ರ ಬಹುಮತದಿಂದ ಆ ತೀರ್ಪಿನ ಮುಖ್ಯ ಭಾಗವನ್ನು ತಡೆಹಿಡಿಯಿತು. ಆಕ್ಸಿಮೀಟರ್‌ನ ದೋಷವನ್ನು ಕಂಡುಹಿಡಿದಂತಹ ಅಧ್ಯಯನಗಳಿಗೇ ಹಣವಿಲ್ಲವಾದರೆ ಮುಂದಿನ ದೋಷವನ್ನು ಕಂಡುಹಿಡಿಯುವವರು ಯಾರು?

ನಮ್ಮ ದೇಶದ ಚಿತ್ರ

ದೂರದ ಮಾತು ಸಾಕು, ನಮ್ಮ ಅಂಗಳಕ್ಕೆ ಬರೋಣ. 2006ರ ಸಾಚಾರ್ ಸಮಿತಿಯ ವರದಿಯ ಪ್ರಕಾರ ದೇಶದ ಪ್ರತಿಷ್ಠಿತ ಕಾಲೇಜುಗಳ ಪದವಿ ತರಗತಿಗಳಲ್ಲಿ 25ರಲ್ಲಿ ಒಬ್ಬರು ಮುಸ್ಲಿಮರಾಗಿದ್ದರೆ, ಸ್ನಾತಕೋತ್ತರ ತರಗತಿಗಳಲ್ಲಿ 50ರಲ್ಲಿ ಒಬ್ಬರು ಮುಸ್ಲಿಮರಾಗಿದ್ದರು. ಮೆಟ್ಟಿಲು ಏರಿದಂತೆಲ್ಲ ನಾವು ಕಾಣೆಯಾಗುತ್ತಾ ಹೋಗುತ್ತೇವೆ ಎಂಬುದನ್ನು ಈ ಎರಡು ಅಂಕೆಗಳು ಹೇಳುತ್ತವೆ. 2011ರ ಜನಗಣತಿಯಂತೆ ಮುಸ್ಲಿಮರು ಜನಸಂಖ್ಯೆಯ ಶೇ. 14.2 ಇದ್ದಾರೆ. ಆದರೆ ಉನ್ನತ ಶಿಕ್ಷಣದ ಕುರಿತ ಸರಕಾರಿ ಸಮೀಕ್ಷೆಯ ಪ್ರಕಾರ 2020-21ರಲ್ಲಿ ವಿದ್ಯಾರ್ಥಿಗಳ ಪೈಕಿ ಮುಸ್ಲಿಮರು ಶೇ. 4.6 ಮಾತ್ರ. 2019-20ರಲ್ಲಿ ಇದು ಶೇ. 5.5 ಇತ್ತು. 2021-22ರಲ್ಲಿ ಮುಸ್ಲಿಮ್ ವಿದ್ಯಾರ್ಥಿಗಳ ಸಂಖ್ಯೆ ಮತ್ತೆ 21 ಲಕ್ಷವನ್ನು ದಾಟಿತಾದರೂ ಪಾಲು ಶೇ. 5ರ ಆಸುಪಾಸಿನಲ್ಲೇ ಉಳಿಯಿತು. ಸಂತೋಷದ ಸಂಗತಿಯೆಂದರೆ, ಈ ವಿದ್ಯಾರ್ಥಿಗಳಲ್ಲಿ ಸರಿಸುಮಾರು ಅರ್ಧದಷ್ಟು ಹೆಣ್ಣು ಮಕ್ಕಳಿದ್ದಾರೆ.

ಸಾಚಾರ್ ವರದಿಯ ಬಳಿಕ, 2009ರಲ್ಲಿ ಮೌಲಾನಾ ಆಝಾದ್ ರಾಷ್ಟ್ರೀಯ ಫೆಲೋಶಿಪ್ ಆರಂಭವಾಯಿತು. ಆರು ಅಲ್ಪಸಂಖ್ಯಾತ ಸಮುದಾಯಗಳ ಸಂಶೋಧನಾ ವಿದ್ಯಾರ್ಥಿಗಳಿಗೆ ಇದು ಆಸರೆಯಾಯಿತು. 2014-15ರಿಂದ 2021-22ರ ವರೆಗೆ 6,722 ಮಂದಿ ಇದಕ್ಕೆ ಆಯ್ಕೆಯಾದರು, 738.85 ಕೋಟಿ ರೂಪಾಯಿ ವಿತರಣೆಯಾಯಿತು. ಆದರೆ 2022ರ ಡಿಸೆಂಬರ್‌ನಲ್ಲಿ ಕೇಂದ್ರ ಸರಕಾರವು, ಈ ಯೋಜನೆ ಇತರ ಯೋಜನೆಗಳೊಂದಿಗೆ ಪುನರಾವರ್ತನೆಯಾಗುತ್ತಿದೆ ಎಂಬ ಕಾರಣ ನೀಡಿ, 2022-23ರಿಂದ ಇದನ್ನು ನಿಲ್ಲಿಸಿರುವುದಾಗಿ ಲೋಕಸಭೆಗೆ ತಿಳಿಸಿತು. ಒಬ್ಬ ವಿದ್ಯಾರ್ಥಿ ಎರಡು ಫೆಲೋಶಿಪ್‌ಗಳನ್ನು ಪಡೆಯುವಂತಿಲ್ಲ ಎಂಬ ನಿಯಮ ಮೊದಲೇ ಇದ್ದಾಗ, ಪುನರಾವರ್ತನೆಯನ್ನು ತಡೆಯಲು ಯೋಜನೆಯನ್ನೇ ಮುಚ್ಚುವ ಅಗತ್ಯವೇನಿತ್ತು? ಐದು ವರ್ಷ ಸಂಪಾದನೆಯಿಲ್ಲದೆ ಓದುವ ಶಕ್ತಿ ಎಷ್ಟು ಮನೆಗಳಿಗಿದೆ?

ಇದು ನಮ್ಮೊಬ್ಬರ ಅಳಲಲ್ಲ. ಹೈದರಾಬಾದ್ ಕೇಂದ್ರೀಯ ವಿಶ್ವವಿದ್ಯಾನಿಲಯದ ಸಂಶೋಧನಾ ವಿದ್ಯಾರ್ಥಿ ರೋಹಿತ್ ವೇಮುಲಾ 2016ರ ಜನವರಿ 17ರಂದು ಕೊನೆಯುಸಿರೆಳೆದಾಗ, ಏಳು ತಿಂಗಳ ಫೆಲೋಶಿಪ್ ಹಣ ತನಗೆ ಬರಬೇಕಾಗಿದೆ ಎಂದು ಬರೆದಿಟ್ಟಿದ್ದರು. 2019ರಲ್ಲಿ ಮುಂಬೈಯ ಯುವ ವೈದ್ಯೆ, ತಡವಿ ಭಿಲ್ ಮುಸ್ಲಿಮ್ ಬುಡಕಟ್ಟಿನ ಪಾಯಲ್ ತಡವಿ ಕಿರುಕುಳವನ್ನು ತಾಳದೆ ಜೀವ ಬಿಟ್ಟರು ಎಂಬ ಆರೋಪ ಕೇಳಿಬಂತು. ಅದೇ ವರ್ಷ ಈ ಇಬ್ಬರು ಮಕ್ಕಳ ತಾಯಂದಿರು, ರಾಧಿಕಾ ವೇಮುಲಾ ಮತ್ತು ಆಬಿದಾ ತಡವಿ, ಒಟ್ಟಾಗಿ ಸುಪ್ರೀಂ ಕೋರ್ಟಿನ ಮೆಟ್ಟಿಲೇರಿ, ಕ್ಯಾಂಪಸ್‌ಗಳಲ್ಲಿ ತಾರತಮ್ಯವನ್ನು ತಡೆಯುವ ವ್ಯವಸ್ಥೆಗಾಗಿ ಮನವಿ ಸಲ್ಲಿಸಿದರು. ದಲಿತ ತಾಯಿ ಮತ್ತು ಮುಸ್ಲಿಮ್ ಬುಡಕಟ್ಟಿನ ತಾಯಿ ಒಂದೇ ಅರ್ಜಿಗೆ ಸಹಿ ಹಾಕಿದ ಈ ಘಟನೆಯಲ್ಲಿ ನಮಗೆ ಪಾಠವಿದೆ. ನಮಗೆ ಮಾತ್ರ ನ್ಯಾಯ ಬೇಕು ಎನ್ನುವವರ ಮಾತಿಗೆ ತೂಕವಿರುವುದಿಲ್ಲ.

ನಮ್ಮ ಮನೆಯೊಳಗಿನ ಬಾಗಿಲು

ಅನ್ಯಾಯವನ್ನು ಎತ್ತಿ ತೋರಿಸುವುದರ ಜೊತೆಗೆ ನಮ್ಮನ್ನು ನಾವು ಪರಾಮರ್ಶಿಸಿಕೊಳ್ಳಬೇಕು. ಬಗ್ದಾದ್‌ನ ಜ್ಞಾನಪ್ರಸಾರದ ಸುವರ್ಣಕಾಲವನ್ನು ನಾವು ಅಭಿಮಾನದಿಂದ ಸ್ಮರಿಸುತ್ತೇವೆ. ಅಲ್ಲಿ ಗ್ರೀಕ್ ವೈದ್ಯಗ್ರಂಥಗಳನ್ನು ಅನುವಾದಿಸಿದವರಲ್ಲಿ ಅಗ್ರಗಣ್ಯರಾದ ಹುನೈನ್ ಬಿನ್ ಇಸ್‌ಹಾಕ್ ಕ್ರೈಸ್ತರಾಗಿದ್ದರು. ಗಣಿತಜ್ಞ ಸಾಬಿತ್ ಬಿನ್ ಕುರ್‍ರಾ ಹರ್ರಾನಿನ ಸಾಬಿ ಪಂಗಡದವರಾಗಿದ್ದರು. ಭಾರತವನ್ನು ಅರಿಯಲು ಅಲ್‌ಬಿರೂನಿ ಸಂಸ್ಕೃತ ಕಲಿತರು. ಪ್ರತಿಭೆಗೆ ಧರ್ಮದ ಗುರುತುಚೀಟಿ ಕೇಳದಿದ್ದುದರಿಂದಲೇ ಆ ಕಾಲ ಬೆಳಗಿತು. ಮಹಿಳೆಯರ ವಿಷಯವನ್ನೂ ನೋಡಿ. ಉತ್ತರ ಪ್ರದೇಶ ಮೂಲದ ವಿದ್ವಾಂಸ ಡಾ. ಮುಹಮ್ಮದ್ ಅಕ್ರಮ್ ನದ್ವಿಯವರು ಹದೀಸ್ ವಿದುಷಿಯರ ಚರಿತ್ರೆಯನ್ನು ಹುಡುಕಲು ಹೊರಟಾಗ ಕೆಲವೇ ಹೆಸರುಗಳು ಸಿಗಬಹುದೆಂದು ಭಾವಿಸಿದ್ದರು. ಸಿಕ್ಕಿದ್ದು ಸುಮಾರು ಹತ್ತು ಸಾವಿರ ಹೆಸರುಗಳು! 2021ರಲ್ಲಿ ಅರಬಿ ಭಾಷೆಯಲ್ಲಿ 43 ಸಂಪುಟಗಳಾಗಿ ಅದು ಪ್ರಕಟವಾಯಿತು. ಪುರುಷರಿಗೂ ಪಾಠ ಹೇಳಿದ, ಅವರಿಗೆ ಪ್ರಮಾಣಪತ್ರ ನೀಡಿದ ಈ ಮಹಿಳೆಯರನ್ನು ನಾವು ಮರೆತುದು ಹೇಗೆ?

ಹೀಗಿರುವಾಗ, ಎಂ.ಎಸ್ಸಿ.ಯಲ್ಲಿ ರ‍್ಯಾಂಕ್ ಪಡೆದ ಮಗಳಿಗೆ ‘ಇನ್ನು ಸಾಕಮ್ಮಾ, ಹೆಚ್ಚು ಓದಿದರೆ ವರ ಸಿಗುವುದಿಲ್ಲ’ ಎಂದು ಹೇಳುವ ಮನೆಯು ಆಕೆಯ ಪಾಲಿಗೆ 1933ರ ಬೆಂಗಳೂರಿಗಿಂತ ಹೇಗೆ ಭಿನ್ನ? ಮಗ ಗಲ್ಫ್‌ಗೆ ಹೋಗುವುದೊಂದೇ ಭವಿಷ್ಯವೆಂದು ಭಾವಿಸುವ ಮನೆಯಲ್ಲಿ ಸಂಶೋಧಕ ಹುಟ್ಟುವುದೆಂತು?

ಕೆಲವು ಪ್ರಾಯೋಗಿಕ ಸಲಹೆಗಳೊಂದಿಗೆ ಮಾತು ಮುಗಿಸುತ್ತೇನೆ. ಒಂದು, ಯುಜಿಸಿಯ ನೆಟ್ ಪರೀಕ್ಷೆಯ ಮೂಲಕ ದೊರೆಯುವ ಜೂನಿಯರ್ ರಿಸರ್ಚ್ ಫೆಲೋಶಿಪ್ ಎಲ್ಲರಿಗೂ ತೆರೆದಿದೆ. 2023ರಲ್ಲಿ ಅದರ ಮಾಸಿಕ ಮೊತ್ತವನ್ನು 37,000 ರೂಪಾಯಿಗೆ ಏರಿಸಲಾಗಿದೆ. ಬಿ.ಎ., ಬಿ.ಎಸ್ಸಿ. ಓದುವಾಗಲೇ ಅದರತ್ತ ಗುರಿಯಿಡಿ. ಎರಡು, ಹಣ ಕೊಟ್ಟರೆ ಒಂದೇ ವಾರದಲ್ಲಿ ಪ್ರಕಟಿಸುತ್ತೇವೆ ಎನ್ನುವ ನಕಲಿ ಜರ್ನಲ್‌ಗಳ ಬಲೆಗೆ ಬೀಳದಿರಿ. ಪರಿಶೀಲನೆಯಿಲ್ಲದ ಪ್ರಕಟಣೆಯಿಂದ ಹಣವೂ ಹೋಗುತ್ತದೆ, ಮಾನವೂ ಹೋಗುತ್ತದೆ. ಲೇಖನ ಕಳುಹಿಸುವ ಮೊದಲು ಮಾರ್ಗದರ್ಶಕರನ್ನೂ ಗ್ರಂಥಪಾಲಕರನ್ನೂ ಕೇಳಿರಿ. ಮೂರು, ನಿಮ್ಮ ಹೆಸರಿನ ಬಗ್ಗೆ ಎಚ್ಚರ ವಹಿಸಿ. ನಮ್ಮಲ್ಲಿ ಇನಿಶಿಯಲ್ ಬರೆಯುತ್ತೇವೆ, ಕುಟುಂಬದ ಹೆಸರು ಇರುವುದಿಲ್ಲ. ಮುಹಮ್ಮದ್ ಎಂಬುದನ್ನು ಇಂಗ್ಲಿಷಿನಲ್ಲಿ ಹತ್ತು ಬಗೆಯಲ್ಲಿ ಬರೆಯುತ್ತೇವೆ. ಬಾನು, ಬೇಗಂ ಎಂಬುದನ್ನು ಒಮ್ಮೆ ಸೇರಿಸಿ ಒಮ್ಮೆ ಬಿಡುತ್ತೇವೆ. ಪರಿಣಾಮವಾಗಿ ಒಬ್ಬರದೇ ಬರಹಗಳು ನಾಲ್ಕು ಮಂದಿಯ ಲೆಕ್ಕದಲ್ಲಿ ಚದುರಿಹೋಗುತ್ತವೆ. ಮೊದಲ ಲೇಖನದಿಂದಲೇ ಒಂದೇ ರೂಪದಲ್ಲಿ ಹೆಸರು ಬರೆಯಿರಿ. ಸಂಶೋಧಕರಿಗೆ 16 ಅಂಕೆಗಳ ಗುರುತುಸಂಖ್ಯೆ ಕೊಡುವ ಆರ್ಕಿಡ್ ಎಂಬ ವ್ಯವಸ್ಥೆ 2012ರಿಂದ ಇದೆ, ಅದು ಉಚಿತ. ಅದನ್ನು ಪಡೆದುಕೊಳ್ಳಿ.

ಹಿರಿಯರಲ್ಲಿ ಒಂದು ವಿನಂತಿ. ಸಮಾರಂಭಗಳಿಗೆ, ಮದುವೆಗಳ ಆಡಂಬರಕ್ಕೆ ನಾವು ಖರ್ಚು ಮಾಡುವ ಹಣದಲ್ಲಿ ಒಂದಂಶವನ್ನು ತೆಗೆದಿಟ್ಟರೆ ಪ್ರತಿಯೊಂದು ಜಮಾಅತ್ ಕನಿಷ್ಠ ಒಬ್ಬ ಸಂಶೋಧನಾ ವಿದ್ಯಾರ್ಥಿಯ ಹೊಣೆಯನ್ನು ವಹಿಸಿಕೊಳ್ಳಬಹುದು. ಅದು ನಿಂತುಹೋದ ಫೆಲೋಶಿಪ್‌ಗೆ ಬದಲಿಯಾಗದು. ಅದನ್ನು ಮರಳಿ ಆರಂಭಿಸಬೇಕೆಂಬ ಬೇಡಿಕೆಯನ್ನು ನಮ್ಮ ಸಂಸದರ ಮುಂದೆ, ಪಕ್ಷ ಯಾವುದೇ ಇರಲಿ, ಮಂಡಿಸುತ್ತಲೇ ಇರಬೇಕು. ಆದರೆ ಸರಕಾರದ ಮನಸ್ಸು ಬದಲಾಗುವವರೆಗೆ ನಮ್ಮ ಮಕ್ಕಳ ವಯಸ್ಸು ಕಾಯುವುದಿಲ್ಲ. ಬರುವ ಜೂನ್‌ನಲ್ಲಿ ಸ್ನಾತಕೋತ್ತರ ಪದವಿ ಮುಗಿಸಲಿರುವ ಹುಡುಗಿ ಅಥವಾ ಹುಡುಗ ನಿಮ್ಮ ಮನೆಯಲ್ಲಿದ್ದರೆ, ಇಂದು ರಾತ್ರಿ ಊಟಕ್ಕೆ ಕುಳಿತಾಗ ‘ಮುಂದೆ ಏನನ್ನು ಸಂಶೋಧಿಸಲು ಬಯಸುತ್ತೀ?’ ಎಂದು ಕೇಳಿರಿ.